ಹಿಂಚಕ್ರದ ಹಬ್‌ನಿಂದ ಗೇರ್ ಆಯಿಲ್ ಸೋರಿಕೆ: ಸೀಲ್ ಹೊಸದು, ಸೋರಿಕೆ ಹಳೆಯದು

ಘಟ್ಟದ_ಗಾಡಿ

ಜೋಡಿ ಟೈರಿನ ಸಣ್ಣ ಲಾರಿ, ಹಿಂದೆ ಫುಲ್ ಫ್ಲೋಟಿಂಗ್ ಆಕ್ಸಲ್ (ಭಾರ ಹೊರುವುದು ಹೊರಕೊಳವೆ, ಒಳಗಿನ ಶಾಫ್ಟ್ ಚಕ್ರ ತಿರುಗಿಸುತ್ತದೆ ಅಷ್ಟೆ). ಎಡ ಹಿಂಚಕ್ರದ ಒಳ ಟೈರಿನ ಪಕ್ಕೆಯೆಲ್ಲ ಎಣ್ಣೆ. ಡ್ರಮ್ ಬಿಚ್ಚಿದರೆ ಲೈನಿಂಗ್ ಒದ್ದೆ, ಬ್ರೇಕ್ ಒತ್ತಿದರೆ ಗಾಡಿ ಬಲಕ್ಕೆ ಎಳೆಯುತ್ತದೆ. ಹಬ್ ಸೀಲ್ (ಚಕ್ರದ ನಡುಭಾಗದಿಂದ ಎಣ್ಣೆ ಹೊರಬರದಂತೆ ತಡೆಯುವ ರಬ್ಬರ್ ಉಂಗುರ) ಬದಲಿಸಿ ಕೆಲವೇ ವಾರದಲ್ಲಿ ಮತ್ತೆ ಅದೇ ಜಾಗ ಒದ್ದೆ. ಬಲಗಡೆ ಒಣಗಿದೆ. ಡಿಫ್ರೆನ್ಶಿಯಲ್‌ನಲ್ಲಿ (ಎರಡೂ ಹಿಂಚಕ್ರಕ್ಕೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಇಪಿ 90 ಗೇರ್ ಆಯಿಲ್ ಇದೆ. ಗ್ಯಾರೇಜಿನಲ್ಲಿ "ಸೀಲ್ ಡೂಪ್ಲಿಕೇಟು, ಬೇರೆ ಹಾಕೋಣ" ಅಂತಾರೆ. ಬೇರೆ ಸೀಲ್ ತರುವ ಮೊದಲು ಏನೇನು ನೋಡಬೇಕು?

ಸ್ಪ್ಯಾನರ್_14

ಮೊದಲು ಅದು ಗೇರ್ ಆಯಿಲ್ ಹೌದೋ ಅಲ್ಲವೋ ಖಾತ್ರಿ ಮಾಡಿಕೊಳ್ಳಿ. ಹಿಂದಿನ ಡ್ರಮ್ಮಿನೊಳಗೆ ಮೂರು ದ್ರವ ಬರಬಹುದು: ಡಿಫ್ರೆನ್ಶಿಯಲ್ ಎಣ್ಣೆ, ವೀಲ್ ಸಿಲಿಂಡರಿನ ಬ್ರೇಕ್ ಫ್ಲೂಯಿಡ್, ಕಾದು ಕರಗಿದ ಬೇರಿಂಗ್ ಗ್ರೀಸ್. ಇಪಿ ಎಣ್ಣೆಗೆ ಗಂಧಕದ ನಾತ ಇರುತ್ತದೆ, ಒಮ್ಮೆ ಮೂಗಿಗೆ ಬಡಿದರೆ ಮತ್ತೆ ಮರೆಯುವುದಿಲ್ಲ. ಅನುಮಾನ ಇದ್ದರೆ ಒಂದು ಲೋಟ ನೀರಿಗೆ ಎರಡು ಹನಿ ಬಿಡಿ. ಗೇರ್ ಆಯಿಲ್ ಮೇಲೆ ತೇಲಿ ಬಣ್ಣಬಣ್ಣದ ಪೊರೆ ಕಟ್ಟುತ್ತದೆ. ಡಾಟ್ 3, ಡಾಟ್ 4 ಬ್ರೇಕ್ ಫ್ಲೂಯಿಡ್ ನೀರಿನಲ್ಲಿ ಬೆರೆತುಹೋಗುತ್ತದೆ. ಅದು ಬಿದ್ದ ಕಡೆ ಪೇಂಟ್ ಉಬ್ಬಿ ಏಳುತ್ತದೆ, ಮೇಲಿನ ಡಬ್ಬಿಯಲ್ಲಿ ಮಟ್ಟವೂ ಇಳಿದಿರುತ್ತದೆ.

ಎರಡನೆಯದು ಎಣ್ಣೆ ಎರಚಿದ ಗುರುತು. ಚಕ್ರ ತಿರುಗುವಾಗ ಎಣ್ಣೆ ನಡುವಿನಿಂದ ಅಂಚಿಗೆ ಗೆರೆಗೆರೆಯಾಗಿ ಹಾರುತ್ತದೆ. ಆ ಗೆರೆ ಹೊರ ಡಿಸ್ಕಿನ ಮೇಲಿದ್ದರೆ ಆಕ್ಸಲ್ ಶಾಫ್ಟ್ ಫ್ಲ್ಯಾಂಜಿನ ಗ್ಯಾಸ್ಕೆಟ್ ಅಥವಾ ಸಡಿಲ ನಟ್. ಒಳಟೈರಿನ ಒಳಪಕ್ಕೆ, ಬ್ಯಾಕ್ ಪ್ಲೇಟಿನ (ಡ್ರಮ್ಮಿನ ಹಿಂದಿನ ತಗಡು) ಕೆಳತುದಿ ಒದ್ದೆಯಾಗಿದ್ದರೆ ಹಬ್ ಸೀಲ್ ಇಲ್ಲವೇ ವೀಲ್ ಸಿಲಿಂಡರ್. ಎಲ್ಲ ಕಡೆ ಒದ್ದೆಯಾಗಿ ಏನೂ ಗೊತ್ತಾಗದಿದ್ದರೆ ತೊಳೆದು, ಒಣಗಿಸಿ, ಫ್ಲ್ಯಾಂಜಿನ ಸುತ್ತ ಮತ್ತು ಬ್ಯಾಕ್ ಪ್ಲೇಟಿಗೆ ಟಾಲ್ಕಂ ಪೌಡರ್ ಚಿಮುಕಿಸಿ ಹತ್ತು ಹದಿನೈದು ಕಿಲೋಮೀಟರ್ ಓಡಿಸಿ. ಪೌಡರ್ ಮೊದಲು ಎಲ್ಲಿ ಕಪ್ಪಾಗುತ್ತದೋ ಅಲ್ಲೇ ಮೂಲ.

ಡಿಫ್ರೆನ್ಶಿಯಲ್_ಭಟ್ರು

ಹೊಸ ಸೀಲ್ ಇಷ್ಟು ಬೇಗ ಸೋತರೆ ಸೀಲನ್ನು ಬೈಯುವುದಕ್ಕಿಂತ ಮೊದಲು ಬ್ರೀದರ್ (ಆಕ್ಸಲ್ ಒಳಗಿನ ಗಾಳಿ ಹೋಗಿಬರುವ ದಾರಿ) ನೋಡಿ. ಆಕ್ಸಲ್ ಹೌಸಿಂಗಿನ ಮೇಲೆ ಹೆಬ್ಬೆರಳಿನಷ್ಟು ಚಿಕ್ಕ ಟೊಪ್ಪಿ ಇರುತ್ತದೆ, ಬೆರಳಿನಲ್ಲಿ ತಿರುಗಿಸಿದರೆ ಸಲೀಸಾಗಿ ತಿರುಗಬೇಕು. ಕೆಸರು ಒಣಗಿ ಮುಚ್ಚಿರುವುದು ಸಾಮಾನ್ಯ. ಅದಕ್ಕಿಂತ ಕೆಟ್ಟದ್ದು ತುಕ್ಕು ತಡೆಯಲು ಹೊಡೆಸುವ ಅಂಡರ್‌ಬಾಡಿ ಕೋಟಿಂಗ್. ಬ್ರೀದರ್ ಮೇಲೇ ಡಾಂಬರು ಬಳಿದು ಕಳಿಸುತ್ತಾರೆ.

ಲೆಕ್ಕ ಹಾಕಿ ನೋಡಿ. ಬೆಳಿಗ್ಗೆ 30 ಡಿಗ್ರಿಯಲ್ಲಿದ್ದ ಆಕ್ಸಲ್ ಲೋಡಿನಲ್ಲಿ ಘಾಟಿ ಹತ್ತಿ 90 ಡಿಗ್ರಿ ಮುಟ್ಟಿತು ಅನ್ನಿ. ಒಳಗಿನ ಗಾಳಿಗೆ ಹೊರದಾರಿ ಇಲ್ಲದಿದ್ದರೆ ಒತ್ತಡ ಸುಮಾರು ಶೇ. 20 ಏರುತ್ತದೆ, ಅಂದರೆ 0.2 ಬಾರ್, ಸುಮಾರು 3 ಪಿಎಸ್‌ಐ. ಎಣ್ಣೆಯೂ ಶೇ. 4ರಷ್ಟು ಹಿಗ್ಗಿ ಗಾಳಿಯ ಜಾಗವನ್ನು ಇನ್ನಷ್ಟು ಕಿರಿದು ಮಾಡುತ್ತದೆ. ಸಾಮಾನ್ಯ ಲಿಪ್ ಸೀಲ್ ಇರುವುದು ಎಣ್ಣೆಯನ್ನು ತಡೆಯಲು, ಒತ್ತಡವನ್ನು ಹೊರಲು ಅಲ್ಲ. ಒತ್ತಡ ಬಂದರೆ ತುಟಿ ಶಾಫ್ಟಿಗೆ ಗಟ್ಟಿಯಾಗಿ ಒತ್ತಿಕೊಂಡು, ಕಾದು, ಸವೆದು, ಕೊನೆಗೆ ದಾರಿ ಬಿಡುತ್ತದೆ. ಸೀಲ್ ಹೊಸದಾದಷ್ಟು ದಿನ ತಾಳಿಕೊಂಡು ಆಮೇಲೆ ಸೋರುವುದು ಇದಕ್ಕೇ.

ಪರೀಕ್ಷೆ ಸುಲಭ. ಗಾಡಿ ಓಡಿಸಿ ಬಂದು ಬಿಸಿ ಇರುವಾಗಲೇ ಬ್ರೀದರನ್ನು ನಿಧಾನಕ್ಕೆ ಸಡಿಲಿಸಿ. ಬುಸ್ ಅಂದರೆ ಅಲ್ಲೇ ಉತ್ತರ. ಮುಖ ದೂರ ಇರಲಿ, ಕೈಗವಸು ಇರಲಿ. ಡೀಸೆಲ್‌ನಲ್ಲಿ ತೊಳೆದು ಊದಿ ನೋಡಿ, ಆಗಲಿಲ್ಲ ಅಂದರೆ ಹೊಸದು ಹಾಕಿ. ಇಡೀ ಆಕ್ಸಲ್‌ನಲ್ಲಿ ಇದಕ್ಕಿಂತ ಅಗ್ಗದ ಭಾಗ ಇಲ್ಲ.

ಮಲೆನಾಡು_4x4

ಭಟ್ರ ಮಾತಿಗೆ ಮಳೆಗಾಲದ ಸೇರ್ಪಡೆ. ಬ್ರೀದರ್ ಕಟ್ಟಿದ್ದರೆ ಉಲ್ಟಾ ಕೆಲಸವೂ ನಡೆಯುತ್ತದೆ. ಕಾದ ಆಕ್ಸಲ್ ಹಳ್ಳದ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ ಸೀಲಿನ ತುಟಿಯ ಮೂಲಕ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಸಕಲೇಶಪುರ, ಮೂಡಿಗೆರೆ ಕಡೆ ತೋಟದ ಜೀಪುಗಳಲ್ಲಿ ಎಣ್ಣೆ ಹಾಲು ಬೆರೆತ ಹಾಗೆ ಬೆಳ್ಳಗೆ ಬಂದರೆ ಇದೇ ಕಾರಣ. ಅಂಥ ಎಣ್ಣೆಯನ್ನು ಟಾಪ್‌ಅಪ್ ಮಾಡಿ ಓಡಿಸಬೇಡಿ, ಪೂರ್ತಿ ಇಳಿಸಿ. ಕಾಯಂ ಪರಿಹಾರ ಅಂದರೆ ಬ್ರೀದರ್ ಜಾಗಕ್ಕೆ ನಿಪ್ಪಲ್ ಹಾಕಿ ಎಣ್ಣೆ ತಾಳುವ ಪೈಪನ್ನು ಚಾಸಿಯ ಮೇಲೆ ಎತ್ತರಕ್ಕೆ ಒಯ್ಯುವುದು. ಸಸ್ಪೆನ್ಷನ್ ಪೂರ್ತಿ ಇಳಿದಾಗಲೂ ಪೈಪ್ ಬಿಗಿಯಾಗಬಾರದು, ಎಲ್ಲೂ ಮಡಚಬಾರದು. ಮಡಚಿದರೆ ಮತ್ತೆ ಮುಚ್ಚಿದ ಬ್ರೀದರೇ.

ಜಿಪ್ಸಿ ಇಟ್ಟುಕೊಂಡವರಿಗೆ: ಮುಂದಿನ ಚಕ್ರದ ಹಿಂದೆ ಇರುವ ಚಕ್ರ ಹೊರಳಿಸುವ ಉಂಡೆ ಕೀಲು, ಅಂದರೆ ನಕಲ್‌ನಿಂದ ತೆಳು ಕಪ್ಪು ಗಂಜಿ ಸುರಿದರೆ ಹೊರಗಿನ ವೈಪರ್ ಸೀಲ್ ಮಾತ್ರ ಬದಲಿಸಿ ಪ್ರಯೋಜನ ಇಲ್ಲ. ಆಕ್ಸಲ್ ಟ್ಯೂಬಿನ ಒಳಸೀಲ್ ಹೋಗಿ ಡಿಫ್ರೆನ್ಶಿಯಲ್ ಎಣ್ಣೆ ನಕಲ್‌ಗೆ ಬಂದು ಗ್ರೀಸನ್ನು ಕರಗಿಸುತ್ತಿರುತ್ತದೆ.

ಹುಬ್ಬಳ್ಳಿ_ಲೋಡ್

ಇಷ್ಟೆಲ್ಲಾ ಯಾಕ್ರೀ? 140 ನಂಬರ್ ದಪ್ಪ ಎಣ್ಣಿ ಹಾಕ್ರಿ, ಮ್ಯಾಲೆ ಒಂದ್ ಬಾಟ್ಲಿ ಲೀಕ್ ಸ್ಟಾಪ್ ಹಾಕ್ರಿ. ಸೋರೂದು ನಿಲ್ತೈತಿ. ಲೈನಿಂಗಿಗೆ ಪೆಟ್ರೋಲ್ ಹಾಕಿ ಸುಟ್ರ ಎಣ್ಣಿ ಹೋಗ್ತೈತಿ, ಮತ್ತ ಹಾಕ್ಕೋಬಹುದು. ನಮ್ ಕಡೆ ಎಲ್ಲಾರೂ ಹಂಗ ಮಾಡ್ತಾರ.

ಡಿಫ್ರೆನ್ಶಿಯಲ್_ಭಟ್ರು

ಎಲ್ಲರೂ ಮಾಡುತ್ತಾರೆ, ನಿಜ. ಆದರೆ ಮೂರೂ ಬೇಡ.

ದಪ್ಪ ಎಣ್ಣೆ ಆಕ್ಸಲ್ ತಣ್ಣಗಿದ್ದಾಗ ಮಾತ್ರ ದಪ್ಪ. ಬಿಸಿಯಲ್ಲಿ ಅದೂ ತೆಳುವಾಗುತ್ತದೆ, ಸವೆದ ತುಟಿ ಅದಕ್ಕೂ ದಾರಿ ಬಿಡುತ್ತದೆ. ಕಂಪನಿಯೇ 85ಡಬ್ಲ್ಯೂ-140 ಹೇಳಿದ್ದರೆ ಹಾಕಿ, ಸೋರಿಕೆಗೆ ಮದ್ದು ಅಂತ ಹಾಕಬೇಡಿ. ಲೀಕ್ ಸ್ಟಾಪ್ ರಬ್ಬರನ್ನು ಉಬ್ಬಿಸಿ ಮೆದು ಮಾಡುತ್ತದೆ. ಗಟ್ಟಿಯಾದ ಹಳೇ ಸೀಲಿಗೆ ಊರು ಮುಟ್ಟುವಷ್ಟು ಆಯುಷ್ಯ ಕೊಡಬಹುದು, ತೋಡು ಬಿದ್ದ, ಹಬ್ ಕೂರುವ ಆಕ್ಸಲ್ ತುದಿಯಾದ ಸ್ಪಿಂಡಲ್‌ಗೆ ಏನನ್ನೂ ಕೊಡುವುದಿಲ್ಲ.

ಲೈನಿಂಗ್ ಸುಡುವುದಂತೂ ಅಪಾಯ. ಎಣ್ಣೆ ಲೈನಿಂಗಿನ ಸೂಕ್ಷ್ಮ ರಂಧ್ರಗಳಲ್ಲಿ ಇಳಿದಿರುತ್ತದೆ. ಮೇಲಿನದು ಸುಟ್ಟು ಒಣಗಿದಂತೆ ಕಾಣುತ್ತದೆ, ಇಳಿಜಾರಿನಲ್ಲಿ ಡ್ರಮ್ ಕಾದಾಗ ಒಳಗಿನದು ಮೇಲೆದ್ದು ಬರುತ್ತದೆ. ಬ್ರೇಕ್ ಬೇಕಾದ ಹೊತ್ತಿಗೇ ಜಾರುತ್ತದೆ. ಬೆಂಕಿಗೆ ಲೈನಿಂಗಿನ ಅಂಟೂ ಹಾಳು. ಎಣ್ಣೆ ಕುಡಿದ ಲೈನಿಂಗ್ ಎಸೆಯಿರಿ, ಆ ಆಕ್ಸಲ್‌ನ ಎರಡೂ ಬದಿ ಒಂದೇ ಸೆಟ್ ಹಾಕಿ. ಒಂದೇ ಬದಿ ಹೊಸದು ಹಾಕಿದರೆ ಗಾಡಿ ಎಳೆಯುವುದು ನಿಲ್ಲುವುದಿಲ್ಲ, ದಿಕ್ಕು ಬದಲಾಗಬಹುದು ಅಷ್ಟೆ. ಡ್ರಮ್ಮನ್ನು ಬ್ರೇಕ್ ಕ್ಲೀನರಿನಿಂದ ಒರೆಸಿ. ಸೀಮೆಎಣ್ಣೆ ಜಿಡ್ಡಿನ ಪೊರೆ ಬಿಡುತ್ತದೆ. ಒಣ ಧೂಳಿಗೆ ಏರ್ ಹೊಡೆಯಬೇಡಿ. ಹಳೇ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರಬಹುದು.

ಹುಬ್ಬಳ್ಳಿ_ಲೋಡ್

ಲೈನಿಂಗ್ ಮಾತು ಒಪ್ಪಿದೆ. ಎಣ್ಣಿ ವಿಚಾರ ಒಪ್ಪಂಗಿಲ್ಲ, ಬ್ಯಾಸಗ್ಯಾಗ ನಮ್ ಕಡೆ 140 ಛಲೋನ ಓಡ್ತೈತಿ.

ಸ್ಪ್ಯಾನರ್_14

ಓಡುತ್ತದೆ. ಪ್ರಶ್ನೆ ಸೋರಿಕೆಯದು 🙂

ಎಣ್ಣೆಯ ಮಟ್ಟದ ಮಾತು ಯಾರೂ ಎತ್ತಲಿಲ್ಲ. ಸಪಾಟು ನೆಲ, ತಣ್ಣನೆಯ ಆಕ್ಸಲ್, ಫಿಲ್ಲರ್ ಪ್ಲಗ್ ಬಿಚ್ಚಿದರೆ ಎಣ್ಣೆ ತೂತಿನ ಕೆಳ ಅಂಚಿಗೆ ನಿಂತಿರಬೇಕು. ಒಂದು ಬದಿಗೆ ಜ್ಯಾಕ್ ಕೊಟ್ಟೋ, ಓರೆ ನೆಲದಲ್ಲಿ ನಿಲ್ಲಿಸಿಯೋ ತುಂಬಿದರೆ ಅಗತ್ಯಕ್ಕಿಂತ ಹೆಚ್ಚು ಹಿಡಿಯುತ್ತದೆ. ಎಡಚಕ್ರವೇ ಮೊದಲು ತೋಯುವುದಕ್ಕೆ ರಸ್ತೆಯೂ ಒಂದು ಕಾರಣ. ನಾವು ಓಡಿಸುವುದು ಎಡಗಡೆ, ಮಳೆನೀರು ಹರಿಯಲೆಂದು ರಸ್ತೆ ಅಂಚಿನ ಕಡೆ ವಾಲಿರುತ್ತದೆ, ರಾತ್ರಿ ನಿಲ್ಲಿಸುವುದೂ ಅದೇ ವಾಲಿನಲ್ಲಿ. ಹೆಚ್ಚಿನ ಎಣ್ಣೆ ಎಡ ಟ್ಯೂಬಿಗೆ ಹರಿದು ನಿಲ್ಲುತ್ತದೆ. ಬಲಗಡೆ ಒಣಗಿದೆ ಎಂದ ಮಾತ್ರಕ್ಕೆ ಬಲಗಡೆಯ ಸೀಲ್ ಸರಿ ಇದೆ ಎಂದಲ್ಲ.

ಘಟ್ಟದ_ಗಾಡಿ

ನೀರಿನ ಪರೀಕ್ಷೆ ಮಾಡಿದೆ, ತೇಲಿತು, ವಾಸನೆಯೂ ಅದೇ. ಗೇರ್ ಆಯಿಲ್ಲೇ. ಎಣ್ಣೆಯಲ್ಲಿ ಗ್ರೀಸಿನ ಸಣ್ಣ ಉಂಡೆಗಳೂ ಇವೆ. ಬ್ರೀದರ್ ಟೊಪ್ಪಿ ಅಲ್ಲಾಡುತ್ತಿಲ್ಲ, ಮೇಲೆ ಕಪ್ಪು ಕೋಟಿಂಗ್ ಇದೆ. ತೆಗೆದ ಸೀಲ್ ಗ್ಯಾರೇಜಿನಲ್ಲೇ ಇದೆ. ಹಬ್ ಬಿಚ್ಚಲು ಹೇಳಿದ್ದೇನೆ. ಬಿಚ್ಚುವಾಗ ಏನು ಗಮನಿಸಬೇಕು?

ಆಯಿಲ್‌ಸೀಲ್_ಅಣ್ಣ

ತೆಗೆದ ಸೀಲ್ ಇದ್ದರೆ ಅರ್ಧ ರೋಗ ಅದರಲ್ಲೇ ಬರೆದಿರುತ್ತದೆ. ಒರೆಸಿ ಬಿಸಿಲಿಗೆ ಹಿಡಿದು ನೋಡಿ.

ತುಟಿ ಗಟ್ಟಿಯಾಗಿ, ಮಡಚಿದರೆ ಬಿರುಕು ಬಿಡುತ್ತಿದ್ದರೆ ಶಾಖ. ಬ್ರೇಕ್ ಹಿಡಿದುಕೊಂಡೇ ಓಡಿದೆ, ಇಲ್ಲವೇ ಬೇರಿಂಗ್ ಅತಿ ಬಿಗಿ. ಸಾಮಾನ್ಯ ಕಪ್ಪು ನೈಟ್ರೈಲ್ ರಬ್ಬರ್ ಸುಮಾರು 100 ಡಿಗ್ರಿಯವರೆಗೆ ಮಾತ್ರ ಆರಾಮಾಗಿರುತ್ತದೆ. ವೈಟಾನ್ ಸೀಲ್ 200ರ ತನಕ ತಾಳುತ್ತದೆ, ಬೆಲೆ ಜಾಸ್ತಿ. ಆದರೆ ಶಾಖದ ಕಾರಣ ಬಿಟ್ಟು ವೈಟಾನ್ ಹಾಕಿದರೆ ಸೀಲ್ ಉಳಿದು ಬೇರಿಂಗ್ ಸಾಯುತ್ತದೆ.

ತುಟಿಯ ಸವೆತ ಒಂದು ಕಡೆ ಅಗಲ, ಎದುರು ಕಡೆ ಸಪೂರ ಇದ್ದರೆ ಸೀಲ್ ಓರೆಯಾಗಿ ಕೂತಿದೆ ಅಥವಾ ಹಬ್ ನಡುಗುತ್ತಿದೆ, ಅಂದರೆ ಬೇರಿಂಗ್ ಆಟ (ಸಡಿಲಿಕೆ). ತುಟಿ ಒಳಕ್ಕೆ ಮಡಚಿದ್ದರೆ, ಹಿಂದಿನ ಸಣ್ಣ ಸ್ಪ್ರಿಂಗ್ ಹಾರಿಹೋಗಿದ್ದರೆ ಹಾಕಿದವರ ಕೈ. ತುಟಿ ಚೆನ್ನಾಗಿದ್ದು ಸೀಲಿನ ಹೊರಸುತ್ತಿನಲ್ಲಿ ಎಣ್ಣೆ ಹರಿದ ಗೆರೆ ಇದ್ದರೆ ಎಣ್ಣೆ ಬಂದಿರುವುದು ತುಟಿಯಿಂದಲ್ಲ, ಹಬ್ಬಿನ ಬೋರಿನಿಂದ. ಹಳೇ ಸೀಲನ್ನು ಉಳಿಯಿಂದ ಕಿತ್ತವರು ಬೋರಿಗೆ ಗೀರು ಹಾಕಿರುತ್ತಾರೆ. ತುಟಿಯಲ್ಲೂ ಬೋರಿನಲ್ಲೂ ಏನೂ ಇಲ್ಲ, ಸವೆತದ ಪಟ್ಟಿ ಮಾತ್ರ ಅಸಹಜವಾಗಿ ಅಗಲ ಅಂದರೆ ಒಳಒತ್ತಡ. ನಿಮ್ಮ ಬ್ರೀದರ್ ಕಥೆ ಕೇಳಿದರೆ ಇದನ್ನೇ ನಿರೀಕ್ಷಿಸುತ್ತೇನೆ.

ಗ್ರೀಸಿನ ಉಂಡೆ ಬಂದಿರುವುದು ಮುಖ್ಯ ಸುಳಿವು. ನಿಮ್ಮ ಹಬ್ ಗ್ರೀಸ್ ತುಂಬುವ ಮಾದರಿ, ಅಲ್ಲಿಗೆ ಡಿಫ್ರೆನ್ಶಿಯಲ್ ಎಣ್ಣೆ ಬರಲೇಬಾರದು. ಅದನ್ನು ತಡೆಯಲು ಆಕ್ಸಲ್ ಟ್ಯೂಬಿನ ತುದಿಯಲ್ಲಿ, ಶಾಫ್ಟಿನ ಸುತ್ತ ಇನ್ನೊಂದು ಸೀಲ್ ಇರುತ್ತದೆ. ಅದು ಹೋಗಿದೆ. ಎಣ್ಣೆ ಹಬ್ಬಿಗೆ ನುಗ್ಗಿ ಬೇರಿಂಗಿನ ಗ್ರೀಸ್ ತೊಳೆದು ಹೊರಗಿನ ಸೀಲಿನ ಮೇಲೆ ಬಂದು ನಿಲ್ಲುತ್ತಿದೆ. ಹೊರಗಿನದನ್ನು ಎಷ್ಟು ಸಲ ಬದಲಿಸಿದರೂ ಒಳಗಿನದನ್ನು ಮುಟ್ಟದಿದ್ದರೆ ಇದೇ ಗತಿ.

ಸ್ಪ್ಯಾನರ್_14

ಒಳಸೀಲಿನ ಗುರುತು ಸರಿಯಾಗಿ ಹಿಡಿದಿರಿ. ಬಿಚ್ಚುವ ಕ್ರಮ ನಾನು ಹೇಳುತ್ತೇನೆ.

ಮೊದಲು ಸುರಕ್ಷೆ. ಮುಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡಗಟ್ಟೆ. ಗೇರಿನಲ್ಲಿ ಬಿಟ್ಟಿದ್ದೇನೆ ಎಂದು ನಂಬಬೇಡಿ: ಒಂದು ಆಕ್ಸಲ್ ಶಾಫ್ಟ್ ಹೊರಬಂದ ಕ್ಷಣ ಡಿಫ್ರೆನ್ಶಿಯಲ್ ಎರಡೂ ಚಕ್ರವನ್ನು ಬಿಟ್ಟುಬಿಡುತ್ತದೆ. ಪ್ರೊಪೆಲ್ಲರ್ ಶಾಫ್ಟಿನ ಮೇಲೆ ಹ್ಯಾಂಡ್‌ಬ್ರೇಕ್ ಇರುವ ಹಳೇ ಜೀಪುಗಳಲ್ಲಿ ಹ್ಯಾಂಡ್‌ಬ್ರೇಕೂ ಅದರ ಜೊತೆಗೇ ಹೋಗುತ್ತದೆ. ಜ್ಯಾಕ್ ಎತ್ತುವುದಕ್ಕೆ, ಗಾಡಿ ಕೂರುವುದು ಸ್ಟ್ಯಾಂಡಿನ ಮೇಲೆ.

ಫ್ಲ್ಯಾಂಜಿನ ನಟ್ ತೆಗೆದ ಮೇಲೂ ಶಾಫ್ಟ್ ಬರುವುದಿಲ್ಲ, ಕೆಲವದರಲ್ಲಿ ಸ್ಟಡ್‌ಗಳ ಸುತ್ತ ಸೀಳಿದ ಕೋನ್ ಡವಲ್ ಕೂತಿರುತ್ತವೆ. ಫ್ಲ್ಯಾಂಜಿನ ನಡುವಿಗೆ ಹಿತ್ತಾಳೆ ಡ್ರಿಫ್ಟ್ ಇಟ್ಟು ಭಾರದ ಸುತ್ತಿಗೆಯಿಂದ ಒಂದೆರಡು ಏಟು ಕೊಟ್ಟರೆ ಕೋನ್‌ಗಳು ಹಾರುತ್ತವೆ. ನಟ್ ಪೂರ್ತಿ ತೆಗೆಯದೆ ತುದಿಯಲ್ಲಿ ಬಿಟ್ಟಿದ್ದರೆ ಅವು ಮುಖಕ್ಕೆ ಬಡಿಯುವುದಿಲ್ಲ. ಜ್ಯಾಕ್ ಬೋಲ್ಟಿನ ತೂತು ಇದ್ದರೆ ಇನ್ನೂ ಸುಲಭ. ಫ್ಲ್ಯಾಂಜ್ ಮತ್ತು ಹಬ್ಬಿನ ನಡುವೆ ಉಳಿ ಹೊಡೆಯಬೇಡಿ, ಆ ಗಾಯ ಮುಂದೆ ಹೊಸ ಸೋರಿಕೆ.

ಶಾಫ್ಟ್ ಎಳೆಯುವಾಗ ಟ್ಯೂಬಿನಿಂದ ಎಣ್ಣೆ ಬರುತ್ತದೆ, ಕೆಳಗೆ ಟ್ರೇ ಇಡಿ. ಶಾಫ್ಟಿನ ಭಾರವನ್ನು ಒಳಸೀಲಿನ ಮೇಲೆ ಬಿಡಬೇಡಿ. ಹಾಕುವಾಗಲೂ ಅಷ್ಟೇ, ಸ್ಪ್ಲೈನ್ (ಹಲ್ಲುಗಳಿರುವ) ತುದಿ ಹೊಸ ತುಟಿಯನ್ನು ಕೊಯ್ಯುವುದು ಅಲ್ಲಿಯೇ. ಆಮೇಲೆ ಲಾಕ್ ವಾಷರ್, ಹಬ್ ನಟ್, ಹೊರ ಬೇರಿಂಗ್, ಹಬ್. ಎಡದ ಬೇರಿಂಗ್ ಎಡಕ್ಕೇ, ಅದರದ್ದೇ ಕಪ್ಪಿಗೆ (ಬೇರಿಂಗಿನ ಹೊರ ಉಂಗುರಕ್ಕೆ).

ಆಯಿಲ್‌ಸೀಲ್_ಅಣ್ಣ

ಹಬ್ ಬಂದ ಮೇಲೆ ಸ್ಪಿಂಡಲ್ ಒರೆಸಿ ಸೀಲ್ ಓಡುವ ಜಾಗದ ಮೇಲೆ ಅಡ್ಡಕ್ಕೆ ಉಗುರು ಎಳೆಯಿರಿ. ಉಗುರು ಸಿಕ್ಕಿಕೊಂಡರೆ ತೋಡು ಬಿದ್ದಿದೆ, ಅದರ ಮೇಲೆ ಹೊಸ ಸೀಲ್ ನಿಲ್ಲುವುದಿಲ್ಲ. ದಾರಿ ಮೂರು. ಬೋರಿನಲ್ಲಿ ಜಾಗವಿದ್ದರೆ ಸೀಲನ್ನು 1-2 ಮಿ.ಮೀ. ಆಚೀಚೆ ಕೂರಿಸಿ ತುಟಿಗೆ ಹೊಸ ಮೈ ಕೊಡುವುದು. ಎರಡನೆಯದು ರಿಪೇರಿ ಸ್ಲೀವ್: ಎಸ್‌ಕೆಎಫ್‌ನ ಸ್ಪೀಡಿ ಸ್ಲೀವ್‌ನ ದಪ್ಪ 0.28 ಮಿ.ಮೀ. ಮಾತ್ರ, ಹಾಗಾಗಿ ಮೂಲ ಅಳತೆಯ ಸೀಲೇ ನಡೆಯುತ್ತದೆ. ತೋಡು ಆಳವಿದ್ದರೆ ಮೊದಲು ಎಪಾಕ್ಸಿ ತುಂಬಿ, ಹಸಿ ಇರುವಾಗಲೇ ಸ್ಲೀವ್ ಏರಿಸಿ. ಬಿಸಿ ಮಾಡಬೇಡಿ, ಜೊತೆಗೆ ಬರುವ ಟೊಪ್ಪಿ ಇಟ್ಟೇ ಬಡಿಯಿರಿ. ಮೂರನೆಯದು, ಸ್ಪಿಂಡಲ್ ಮೇಲೆ ಬೇರೆ ರಿಂಗ್ ಇರುವ ಮಾದರಿಯಾದರೆ ಆ ರಿಂಗನ್ನೇ ಬದಲಿಸುವುದು. ವೆಲ್ಡ್ ತುಂಬಿ ಲೇಥ್ ಹಿಡಿಸುವುದನ್ನು ಸ್ಪಿಂಡಲ್‌ಗೆ ನಾನಂತೂ ಸಲಹೆ ಮಾಡುವುದಿಲ್ಲ. ಲೋಡ್ ಹೊರುವ ಭಾಗ ಅದು, ಶಾಖಕ್ಕೆ ಲೋಹದ ಗುಣ ಕೆಡುತ್ತದೆ.

ತೋಡು ಇಲ್ಲ, ಸಣ್ಣ ತುಕ್ಕು ಮಾತ್ರ ಅಂದರೆ 400 ನಂಬರ್ ಎಮೆರಿ ಸಾಕು. ಸುತ್ತಲೂ ತಿರುಗಿಸಿ ಉಜ್ಜಬೇಕು, ಉದ್ದಕ್ಕೆ ಎಳೆಯಬಾರದು. ಉದ್ದದ ಗೀರು ತುಟಿಯ ಅಡಿಯಿಂದ ಎಣ್ಣೆಗೆ ಕಾಲುವೆ ತೋಡಿಕೊಟ್ಟ ಹಾಗೆ.

ಸೀಲ್ ಕೊಳ್ಳುವಾಗ ಗಾಡಿ ಹೆಸರು ಹೇಳಿ ಸುಮ್ಮನಾಗಬೇಡಿ. ಹಳೆಯದರ ಮೇಲೆ ಒಳವ್ಯಾಸ, ಹೊರವ್ಯಾಸ, ದಪ್ಪ ಅಚ್ಚಾಗಿರುತ್ತದೆ, ಉದಾಹರಣೆಗೆ 85-110-12. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಅಳತೆ ಹೇಳಿದರೆ ಕೈಗೆ ಕೊಡುತ್ತಾರೆ, ಆದರೂ ಕ್ಯಾಲಿಪರ್ ಇಟ್ಟು ಸ್ಪಿಂಡಲ್ ಅಳೆದುಕೊಂಡು ಹೋಗಿ, ಹಿಂದಿನವರು ತಪ್ಪು ಸೀಲ್ ಹಾಕಿರಬಹುದು. ಮುಖದ ಮೇಲೆ ಬಾಣದ ಗುರುತಿದ್ದರೆ ಜಾಗ್ರತೆ. ತುಟಿಯ ಹಿಂದೆ ಓರೆಗೆರೆ ಇರುವ ಸೀಲ್ ಒಂದೇ ದಿಕ್ಕಿನ ತಿರುಗುವಿಕೆಗೆ ಎಣ್ಣೆಯನ್ನು ಒಳಕ್ಕೆ ನೂಕುತ್ತದೆ. ಎಡ, ಬಲ ಚಕ್ರ ಸೀಲಿನ ಕಡೆಯಿಂದ ನೋಡಿದರೆ ವಿರುದ್ಧ ದಿಕ್ಕಿಗೆ ತಿರುಗುತ್ತವೆ. ಎರಡಕ್ಕೂ ಒಂದೇ ಬಾಣದ್ದು ಹಾಕಿದರೆ ಒಂದು ಬದಿ ಎಣ್ಣೆಯನ್ನು ಹೊರಕ್ಕೆ ಪಂಪ್ ಮಾಡುತ್ತದೆ.

ಹಾಕುವಾಗ ಸ್ಪ್ರಿಂಗ್ ಇರುವ ಮುಖ ಎಣ್ಣೆಯ ಕಡೆಗೆ. ಜೋಡಿ ತುಟಿಯದ್ದಾದರೆ ನಡುವೆ ಸ್ವಲ್ಪ ಗ್ರೀಸ್. ಹೊರಮೈ ಬರೀ ಲೋಹವಾದರೆ ಬೋರಿಗೆ ತೆಳುವಾಗಿ ಸೀಲೆಂಟ್, ರಬ್ಬರ್ ಹೊದಿಕೆಯದಾದರೆ ಬೇಡ. ಸೀಲಿನಷ್ಟೇ ಅಗಲದ ಬಿಲ್ಲೆ ಇಟ್ಟು ಸಮನಾಗಿ ಬಡಿಯಿರಿ. ಸುತ್ತಿಗೆಯಲ್ಲಿ ಒಂದೊಂದು ಅಂಚು ಬಡಿದು ಕೂರಿಸಿದ್ದು ಓರೆಯಾಗದೆ ಇರುವುದೇ ಇಲ್ಲ.

ಟ್ರ್ಯಾಕ್ಟರ್_ತೋಟ

ಓಮ್ನಿ, ಹಳೇ ಜೀಪುಗಳ ಸೆಮಿ ಫ್ಲೋಟಿಂಗಿಗೂ ಇದೇ ಕ್ರಮವಾ?

ಸ್ಪ್ಯಾನರ್_14

ಬೇರೆ. ಅಲ್ಲಿ ಚಕ್ರ ನಿಂತಿರುವುದೇ ಶಾಫ್ಟಿನ ಮೇಲೆ. ಬ್ಯಾಕ್ ಪ್ಲೇಟಿನ ನಟ್ ತೆಗೆದು ಶಾಫ್ಟನ್ನು ಬೇರಿಂಗ್ ಸಮೇತ ಎಳೆಯಬೇಕು, ಸೀಲ್ ಟ್ಯೂಬಿನ ಬಾಯಲ್ಲಿರುತ್ತದೆ. ಬೇರಿಂಗಿಗೆ ಆಟ ಬಂದಿದ್ದರೆ ಅದನ್ನು ಹಿಡಿದಿರುವ ಕಾಲರ್ ಒಡೆದು ತೆಗೆಯಬೇಕು. ಮುಕ್ಕಾಲು ಆಳ ಡ್ರಿಲ್ ಮಾಡಿ ಉಳಿಯಿಂದ ಸೀಳುವುದು ಸರಿಯಾದ ದಾರಿ. ಗ್ಯಾಸ್ ಕಟರ್ ಶಾಫ್ಟನ್ನು ಹಾಳು ಮಾಡುತ್ತದೆ. ತೆಗೆದ ಕಾಲರ್ ಮತ್ತೆ ಹಾಕಬೇಡಿ. ಹಿಡಿತ ಕಳೆದುಕೊಂಡ ಕಾಲರ್ ಜಾರಿದರೆ ಚಕ್ರ ಶಾಫ್ಟ್ ಸಮೇತ ಹೊರಬರುತ್ತದೆ. ಹಳೇ ಜೀಪಿನಲ್ಲಿ ಶಿಮ್ (ತೆಳು ಲೋಹದ ಬಿಲ್ಲೆ) ಇರುತ್ತದೆ, ಎಷ್ಟು ಬಂದವೋ ಅಷ್ಟೇ ಅದೇ ಬದಿಗೆ.

ಘಟ್ಟದ_ಗಾಡಿ

ಬಿಚ್ಚಿದೆವು. ಒಳಸೀಲಿನ ತುಟಿ ಒಂದು ಕಡೆ ಹರಿದಿದೆ. ಹೊರಸೀಲಿನ ಸವೆತದ ಪಟ್ಟಿ ಸುತ್ತಲೂ ಅಗಲ. ಸ್ಪಿಂಡಲ್‌ನಲ್ಲಿ ಉಗುರಿಗೆ ಸಿಗುವ ತೋಡಿದೆ. ಬೇರಿಂಗ್ ರೋಲರ್ ಹೊಳೆಯುತ್ತಿವೆ, ಕಲೆ ಇಲ್ಲ. ಸ್ಲೀವ್ ತರಿಸುತ್ತಿದ್ದೇನೆ. ಬೇರಿಂಗ್ ಎಷ್ಟು ಬಿಗಿ ಮಾಡಬೇಕು? ಗ್ರೀಸ್ ಎಷ್ಟು?

ಡಿಫ್ರೆನ್ಶಿಯಲ್_ಭಟ್ರು

ಹಳೇ ಗ್ರೀಸನ್ನು ಪೂರ್ತಿ ತೊಳೆಯಿರಿ, ಎಣ್ಣೆ ಬೆರೆತದ್ದು ಒಂದು ಚೂರೂ ಉಳಿಯಬಾರದು. ಬೇರಿಂಗ್ ಒಣಗಿಸುವಾಗ ಏರ್ ಹೊಡೆದು ಗಿರ್ರನೆ ತಿರುಗಿಸಬೇಡಿ. ಹೊಸ ಗ್ರೀಸನ್ನು ಅಂಗೈಯಲ್ಲಿಟ್ಟು ರೋಲರುಗಳ ನಡುವೆ ಆಚೆಯಿಂದ ಹೊರಬರುವಷ್ಟು ತುಂಬಿ. ಹಬ್ಬಿನ ಹೊಟ್ಟೆಯಲ್ಲಿ ಗೋಡೆಗೆ ಬಳಿದಷ್ಟು ಸಾಕು, ತುಂಬಿ ತುಳುಕಿಸಿದರೆ ಅದು ಕಾದು ಕರಗಿ ಹೊರಬರುತ್ತದೆ, ಮತ್ತೆ ಸೀಲ್ ಸೋರಿತು ಎಂದು ಬಿಚ್ಚುತ್ತೀರಿ.

ಬಿಗಿಯ ಅಂಕಿ ನಿಮ್ಮ ಗಾಡಿಯ ಕೈಪಿಡಿಯದ್ದೇ ಬೇಕು. ತತ್ವ ಒಂದೇ: ಹಬ್ಬನ್ನು ತಿರುಗಿಸುತ್ತಲೇ ನಟ್ ಬಿಗಿ ಮಾಡಿ ರೋಲರುಗಳನ್ನು ಕೂರಿಸಬೇಕು, ಆಮೇಲೆ ಸಡಿಲಿಸಿ, ಕಡಿಮೆ ಬಿಗಿಗೆ ತಂದು, ಹೇಳಿದಷ್ಟು ಹಿಂದಕ್ಕೆ ತಿರುಗಿಸಿ ಲಾಕ್ ಮಾಡಬೇಕು. ಭಾರೀ ಲಾರಿಗಳ ಹಬ್ಬಿಗೆ ಡಯಲ್ ಗೇಜಿನಲ್ಲಿ 0.025ರಿಂದ 0.125 ಮಿ.ಮೀ. ಆಟ ಉಳಿಸುವುದು ರೂಢಿ. ಹೊರ ಲಾಕ್ ನಟ್ ಬಿಗಿ ಮಾಡಿದ ಮೇಲೆ ಆಟ ಬದಲಾಗುತ್ತದೆ, ಆದ್ದರಿಂದ ಕೊನೆಗೆ ಮತ್ತೊಮ್ಮೆ ಅಳೆಯಿರಿ. ಆಟ ಹೆಚ್ಚಾದರೆ ಸೀಲಿನ ತುಟಿ ಹಬ್ಬಿನ ಕುಣಿತವನ್ನು ಹಿಂಬಾಲಿಸಲಾರದು, ಕಡಿಮೆಯಾದರೆ ಬೇರಿಂಗ್ ಕಾದು ತುಟಿ ಸುಡುತ್ತದೆ.

ಮಲೆನಾಡು_4x4

ಫ್ಲ್ಯಾಂಜಿಗೆ ಪೇಪರ್ ಗ್ಯಾಸ್ಕೆಟ್ ಅಥವಾ ಆರ್‌ಟಿವಿ (ಸಿಲಿಕೋನ್ ಅಂಟು), ಎರಡರಲ್ಲಿ ಒಂದು. ಎರಡನ್ನೂ ಹಾಕಿದರೆ ಪೇಪರ್ ಜಾರಿ ನಟ್ ಸಡಿಲಾಗುತ್ತದೆ. ಆರ್‌ಟಿವಿ ಆದರೆ 3 ಮಿ.ಮೀ. ಗೆರೆ, ಸ್ಟಡ್ ತೂತುಗಳ ಒಳಸುತ್ತಿನಲ್ಲಿ ಮುರಿಯದ ಹಾಗೆ. ಕೋನ್, ಸ್ಟಡ್‌ಗಳಲ್ಲಿ ಜಿಡ್ಡು ಇರಬಾರದು. ಎದುರೆದುರು ನಟ್ ಬಿಗಿ ಮಾಡಿ.

ಸ್ಪ್ಯಾನರ್_14

ನಿಮ್ಮದು ಗ್ರೀಸ್ ಹಬ್, ಹಾಗಾಗಿ ಮಟ್ಟಕ್ಕೆ ತುಂಬಿದರೆ ಮುಗಿಯಿತು. ಎಣ್ಣೆಯಲ್ಲೇ ಓಡುವ ಹಬ್ ಇರುವ ದೊಡ್ಡ ಲಾರಿಯವರು ಓದುತ್ತಿದ್ದರೆ ಹೇಳಿಬಿಡುತ್ತೇನೆ: ಮಟ್ಟಕ್ಕೆ ತುಂಬಿದ ಮೇಲೆ ಆಕ್ಸಲ್‌ನ ಒಂದು ಬದಿಯನ್ನು 15 ಸೆಂ.ಮೀ. ಎತ್ತಿ ಒಂದು ನಿಮಿಷ ಹಿಡಿಯಿರಿ, ಎಣ್ಣೆ ಎದುರಿನ ಹಬ್ಬಿಗೆ ಇಳಿಯುತ್ತದೆ. ಇನ್ನೊಂದು ಬದಿಗೂ ಹಾಗೇ. ಸಮ ಮಾಡಿ ನೋಡಿದರೆ ಸುಮಾರು ಒಂದು ಲೀಟರ್ ಮತ್ತೆ ಹಿಡಿಯುತ್ತದೆ. ಇದನ್ನು ಬಿಟ್ಟರೆ ಬೇರಿಂಗ್ ಒಣಗಿದ್ದಾಗಲೇ ಓಡಲು ಶುರುವಾಗುತ್ತದೆ.

ಘಟ್ಟದ_ಗಾಡಿ

ಬಲಗಡೆ ಒಣಗಿದೆ, ಅದನ್ನೂ ಈಗಲೇ ಬಿಚ್ಚಲಾ?

ಆಯಿಲ್‌ಸೀಲ್_ಅಣ್ಣ

ಬಿಚ್ಚಿ. ಬ್ರೀದರ್ ಎರಡೂ ಬದಿಗೆ ಒಂದೇ, ಅದೇ ಒತ್ತಡವನ್ನು ಬಲಗಡೆಯ ಒಳಸೀಲೂ ತಿಂದಿದೆ. ಲೈನಿಂಗ್ ಬದಲಿಸಲು ಡ್ರಮ್ ಹೇಗೂ ತೆಗೆಯುತ್ತೀರಿ. ಹೊಸ ಲೈನಿಂಗ್ ಮೇಲೆ ಎಣ್ಣೆ ಬಿದ್ದರೆ ಸೀಲಿನ ಹಲವು ಪಟ್ಟು ಖರ್ಚು. ಎಲ್ಲ ಮುಗಿದ ಮೇಲೆ 50 ಕಿಲೋಮೀಟರ್ ಓಡಿಸಿ ಎರಡೂ ಹಬ್ಬಿನ ಮೇಲೆ ಕೈ ಇಟ್ಟು ಬಿಸಿ ಹೋಲಿಸಿ. ಮೊದಲು ದೂರದಿಂದ, ಹಬ್ ಸುಡುತ್ತಿದ್ದರೆ ಕೈ ಇಡುವುದೇ ಬೇಡ. ಒಂದು ಬದಿ ಎದ್ದು ಕಾಣುವಷ್ಟು ಬಿಸಿಯಾಗಿದ್ದರೆ ಆ ಬದಿಯ ಬೇರಿಂಗ್ ಬಿಗಿ ಅಥವಾ ಬ್ರೇಕ್ ಹಿಡಿತ ನೋಡಿ. ಚಕ್ರದ ನಟ್ಟು, ಫ್ಲ್ಯಾಂಜ್ ನಟ್ಟು ಆವಾಗಲೇ ಮತ್ತೊಮ್ಮೆ ಟಾರ್ಕ್ ಮಾಡಿ.